ಆರದ ಉರಿ

ಕಾಮಾಕ್ಷಿಪಾಳ್ಯದ ಒಳಬೀದಿಗಳಲ್ಲಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಲೇತುಗಳ ಸದ್ದು ಸ್ವಲ್ಪ ತಗ್ಗುತ್ತದೆ. ಟೀ ಹೊತ್ತು. ಪವರ್ ಪ್ರೆಸ್ಸಿನವರು, ಬಫಿಂಗ್‌ನವರು, ಪೌಡರ್ ಕೋಟಿಂಗ್‌ನವರು ಶೆಡ್ಡಿನಿಂದ ಹೊರಗೆ ಬಂದು ಗೂಡಂಗಡಿ ಮುಂದೆ ನಿಲ್ಲುತ್ತಾರೆ. ಅಲ್ಲಿ ನಾನು ಎಷ್ಟೋ ಸಲ ಕಂಡ ನೋಟ ಒಂದಿದೆ. ನಲವತ್ತು ದಾಟಿದ ಟರ್ನರ್ ಒಬ್ಬರು ಎಡಗೈಯಲ್ಲಿ ಟೀ ಲೋಟ ಹಿಡಿದು, ಬಲಗೈಯ ಮುಷ್ಟಿಯನ್ನು ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಕಡೆ ಒತ್ತಿ ಹಿಡಿದಿರುತ್ತಾರೆ. "ಏನಣ್ಣ, ಹೊಟ್ಟೆನೋವಾ?" ಅಂದರೆ, "ಏನಿಲ್ಲ ಸಾರ್, ಗ್ಯಾಸ್ಟ್ರಿಕ್ಕು. ಬೆಳಗ್ಗೆ ತಿಂಡಿ ತಿನ್ನದೆ ಬಂದೆನಲ್ಲ, ಅದಕ್ಕೇ" ಎಂಬ ಉತ್ತರ. ಅಂಗಿ ಜೇಬಿನಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಇಣುಕುತ್ತಿರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕೇಳಿ ಪಡೆದದ್ದು.

'ಗ್ಯಾಸ್ಟ್ರಿಕ್' ಎಂಬುದು ಈಗ ನಮ್ಮ ಊರಿನದೇ ಮಾತು. ಹುಳಿತೇಗು, ಅಜೀರ್ಣ, ಎದೆಯುರಿ, ಹೊಟ್ಟೆಹುಣ್ಣು ಎಲ್ಲವೂ ಅದರೊಳಗೆ ಅಡಗುತ್ತವೆ. ಕೆಲವೊಮ್ಮೆ ಹೃದಯಾಘಾತವೂ ಅದೇ ಹೆಸರಿನಲ್ಲಿ ಮನೆಗೆ ನುಗ್ಗುತ್ತದೆ. ಹೀಗೆ ಹೊಟ್ಟೆ ಒತ್ತಿ ಹಿಡಿಯುವವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುಗರು ಹೆದರುವುದು ಬೇಡ. ಆದರೆ ಅವರಲ್ಲಿ ಹಲವರ ಹೊಟ್ಟೆಯ ಒಳಪದರದಲ್ಲಿ ಹತ್ತಾರು ವರ್ಷಗಳಿಂದ ಒಂದು ಉರಿ ಆರದೆ ಉಳಿದಿರುತ್ತದೆ. ಅದನ್ನು ಹೊತ್ತಿಸಿದ್ದು ಒಂದು ಬ್ಯಾಕ್ಟೀರಿಯಾ. ಉರಿಸುತ್ತಿರುವವು ಮಾತ್ರ ನಮ್ಮದೇ ಮೈಯ ರಕ್ಷಕ ಕೋಶಗಳು. ಈ ಅಧ್ಯಾಯ ಆ ಕೋಶಗಳ ಕುರಿತದ್ದು.

ವೈದ್ಯರು ಬಳಸುವ 'ಉರಿಯೂತ' ಎಂಬ ಕನ್ನಡ ಪದ ನನಗೆ ಬಹಳ ಇಷ್ಟ. ಉರಿ ಮತ್ತು ಊತ, ಎರಡೂ ಅದರಲ್ಲೇ ಇವೆ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಪಟ್ಟಿ ಮಾಡಿದ ನಾಲ್ಕು ಲಕ್ಷಣಗಳಲ್ಲಿ (ಕೆಂಪು, ಊತ, ಬಿಸಿ, ನೋವು) ಅರ್ಧವನ್ನು ನಮ್ಮ ಪದವೇ ಹೇಳಿಬಿಡುತ್ತದೆ. ಲೇತಿನ ಮುಂದೆ ನಿಂತವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಬೆರಳಿಗೆ ಕಬ್ಬಿಣದ ಚೂರು ಚುಚ್ಚಿ ಒಳಗೇ ಉಳಿದರೆ ಮರುದಿನ ಬೆರಳು ಕೆಂಪಾಗಿ ಬಾತು ಮಿಡಿಯುತ್ತದೆ. ಮೂರನೆಯ ದಿನ ಕೀವು ಕಟ್ಟುತ್ತದೆ. ಆ ಕೀವಿನ ಬಹುಭಾಗ ಕಾದಾಡಿ ಸತ್ತ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕೋಶಗಳು.

1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕಾಫ್ ಮಾಡಿದ್ದೂ ಇಂಥದೇ ಪ್ರಯೋಗ. ನಕ್ಷತ್ರಮೀನಿನ ಮರಿಗಳ ಮೈ ಗಾಜಿನಂತೆ ಪಾರದರ್ಶಕ. ಆತ ಅವುಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಬೆಳಗ್ಗೆ ನೋಡಿದಾಗ ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಯಾರೂ ಕಲಿಸಿರಲಿಲ್ಲ, ಆ ಮರಿ ಹಿಂದೆಂದೂ ಮುಳ್ಳು ಕಂಡದ್ದೂ ಇಲ್ಲ. ಲಸಿಕೆಯಿಂದ ಪಾಠ ಕಲಿತು ನಿರ್ದಿಷ್ಟ ಶತ್ರುವನ್ನು ನೆನಪಿಟ್ಟುಕೊಳ್ಳುವ ಕೋಶಗಳು ಬೇರೆ. ಇವು ಹುಟ್ಟಿನಿಂದಲೇ ಬಂದ ಕಾವಲು. ಹೆಸರು ಕುಲ ಕೇಳದೆ, ಪರಕೀಯ ಎಂದು ಕಂಡದ್ದರ ಮೇಲೆ ಗಂಟೆಗಳೊಳಗೆ ಬೀಳುತ್ತವೆ. ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು.

ಬೆರಳಿನ ಚೂರು ಒಂದು ದಿನ ಹೊರಬರುತ್ತದೆ, ಗಾಯ ಮಾಯುತ್ತದೆ, ಕೋಶಗಳು ಸತ್ತು ತೊಲಗುತ್ತವೆ. ಚೂರು ಹೊರಬರದೇ ಇದ್ದರೆ? ಮೂವತ್ತು ವರ್ಷ ಒಳಗೇ ಇದ್ದರೆ? ಹೊಟ್ಟೆಯಲ್ಲಿ ನಡೆಯುವುದು ಅದು.

ಹೊಟ್ಟೆಯಲ್ಲಿ ಯಾವುದೂ ಬದುಕದು ಎಂದು ವೈದ್ಯರು ಬಹುಕಾಲ ನಂಬಿದ್ದಕ್ಕೆ ಕಾರಣವಿತ್ತು. ಕಾಮಾಕ್ಷಿಪಾಳ್ಯದ ಪ್ಲೇಟಿಂಗ್ ಶೆಡ್ಡುಗಳಲ್ಲಿ ಕಬ್ಬಿಣದ ಸಾಮಾನಿನ ತುಕ್ಕು ತೆಗೆಯಲು ಅದನ್ನು ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರಲ್ಲ, ಆ ಹೈಡ್ರೊಕ್ಲೋರಿಕ್ ಆಮ್ಲವೇ ತೆಳುವಾಗಿ ನಮ್ಮ ಹೊಟ್ಟೆಯಲ್ಲೂ ಸುರಿಯುತ್ತಿರುತ್ತದೆ. ಅಲ್ಲೂ ಬದುಕುವ ಉಪಾಯ ಕಂಡುಕೊಂಡ ಜೀವಿ ಹೆಲಿಕೊಬ್ಯಾಕ್ಟರ್ ಪೈಲೋರಿ. ಸ್ಕ್ರೂನಂತೆ ತಿರುಚಿದ ಮೈ, ತುದಿಯಲ್ಲಿ ಬಾಲಗಳು. ಲೋಳೆಯನ್ನು ಕೊರೆದುಕೊಂಡು ಒಳಗೆ ಇಳಿಯುತ್ತದೆ. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ.

ಎಂಡೋಸ್ಕೋಪಿ ಕೋಣೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ವೈದ್ಯರು ಹೊಟ್ಟೆಯ ಗೋಡೆಯಿಂದ ಅಕ್ಕಿನುಚ್ಚಿನಷ್ಟು ಮಾಂಸ ಕಿತ್ತು ತಂದು, ಯೂರಿಯಾ ಬೆರೆತ ಹಳದಿ ಜೆಲ್ಲಿನ ಗುಳಿಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅಮೋನಿಯಾ ಹುಟ್ಟಿ ಹಳದಿ ಮೊದಲು ಕಿತ್ತಳೆ ಬಣ್ಣಕ್ಕೆ, ಆಮೇಲೆ ಗಾಢ ಗುಲಾಬಿಗೆ ತಿರುಗುತ್ತದೆ. ಬಣ್ಣ ಮಾಂಸದ ಚೂರಿನ ಅಂಚಿನಿಂದ ಹೊರಟು ಸುತ್ತ ಹರಡುವುದನ್ನು ನೋಡುತ್ತಾ ನಿಂತರೆ, ಇಷ್ಟು ವರ್ಷ ಆ ಮನುಷ್ಯನ ಹೊಟ್ಟೆಯಲ್ಲಿ ಅದು ಮಾಡುತ್ತಿದ್ದ ಕೆಲಸವನ್ನೇ ಈಗ ನಮ್ಮ ಮುಂದೆ ಮಾಡುತ್ತಿದೆ ಅನಿಸುತ್ತದೆ.

ಈ ಜೀವಿಯನ್ನು ಹೊಟ್ಟೆಯ ಉರಿಯೂತಕ್ಕೆ ಗಂಟುಹಾಕಿದವರು ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್. 1982ರಲ್ಲಿ ಈಸ್ಟರ್ ರಜೆ ಬಂದಿದ್ದರಿಂದ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟು ಎರಡೇ ದಿನಕ್ಕೆ ಬಿಸಾಡುತ್ತಿದ್ದ ತಟ್ಟೆಗಳು ಇನ್ನೂ ಕೆಲವು ದಿನ ಹಾಗೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು. ಜನ ನಂಬದೇ ಹೋದಾಗ 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ. ಹತ್ತನೆಯ ದಿನದ ಬಯಾಪ್ಸಿಯಲ್ಲಿ ಬ್ಯಾಕ್ಟೀರಿಯಾದ ಜತೆಗೆ ನ್ಯೂಟ್ರೊಫಿಲ್‌ಗಳು ಹಿಂಡುಗಟ್ಟಿದ್ದವು. ಅವರಿಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ, 1994ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಬ್ಯಾಕ್ಟೀರಿಯಾವನ್ನು ತಂಬಾಕಿನ ಸಾಲಿನಲ್ಲಿ, ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಯಲ್ಲಿ ಸೇರಿಸಿತ್ತು.

ಆ ನ್ಯೂಟ್ರೊಫಿಲ್‌ಗಳನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ರಕ್ತ ಪರೀಕ್ಷೆ ಮಾಡಿಸಿದವರ ಮನೆಯಲ್ಲೆಲ್ಲ ಅವುಗಳ ಲೆಕ್ಕ ಇದ್ದೇ ಇರುತ್ತದೆ. ಸಿಬಿಸಿ ವರದಿಯಲ್ಲಿ ಬಿಳಿ ಕೋಶಗಳ ವಿಂಗಡಣೆಯ ಮೊದಲ ಸಾಲೇ ಅವು. ವಯಸ್ಕರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ಅವುಗಳ ಕೋಶಕೇಂದ್ರ ಮೂರು ನಾಲ್ಕು ನೇರಳೆ ಮಣಿಗಳನ್ನು ಸಣ್ಣ ನೂಲಿನಲ್ಲಿ ಪೋಣಿಸಿದಂತೆ ಕಾಣುತ್ತದೆ. ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆ. ಅವುಗಳ ಆಯಸ್ಸು ಗಂಟೆಗಳ, ಹೆಚ್ಚೆಂದರೆ ಕೆಲವು ದಿನಗಳ ಲೆಕ್ಕ. ಬಯಾಪ್ಸಿ ವರದಿಯಲ್ಲಿ 'ಕ್ರಾನಿಕ್ ಆಕ್ಟಿವ್ ಗ್ಯಾಸ್ಟ್ರೈಟಿಸ್' ಎಂದು ಬರೆದಿದ್ದರೆ ಅಲ್ಲಿನ 'ಆಕ್ಟಿವ್' ಪದದ ಅರ್ಥ ಇಷ್ಟೇ: ನ್ಯೂಟ್ರೊಫಿಲ್‌ಗಳು ಸ್ಥಳದಲ್ಲಿವೆ, ಕಾದಾಟ ಇಂದಿಗೂ ನಡೆಯುತ್ತಿದೆ.

ನ್ಯೂಟ್ರೊಫಿಲ್ ಸಾಮಾನ್ಯವಾಗಿ ಸೂಕ್ಷ್ಮಾಣುವನ್ನು ನುಂಗಿ, ತನ್ನೊಳಗಿನ ಚೀಲದಲ್ಲಿ ಅದನ್ನು ಕೂಡಿಹಾಕಿ, ಅಲ್ಲಿಗೆ ಆಮ್ಲಜನಕದಿಂದ ಮಾಡಿದ ವಿಷವನ್ನು ಹಾಯಿಸಿ ಕೊಲ್ಲುತ್ತದೆ. ವಿಷ ಚೀಲದೊಳಗೇ ಇರುವುದರಿಂದ ನೆರೆಹೊರೆಗೆ ತೊಂದರೆ ಇಲ್ಲ. ಪೈಲೋರಿ ಈ ವ್ಯವಸ್ಥೆಯನ್ನೇ ಕೆಡಿಸುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ಅದನ್ನು ನುಂಗಿದ ನ್ಯೂಟ್ರೊಫಿಲ್‌ನಲ್ಲಿ ವಿಷ ತಯಾರಿಸುವ ಯಂತ್ರ ಚೀಲದ ಗೋಡೆಯ ಬದಲು ಕೋಶದ ಹೊರಗೋಡೆಯಲ್ಲಿ ಜೋಡಣೆಯಾಗುತ್ತದೆ. ವಿಷ ಹೊರಗೆ ಸುರಿಯುತ್ತದೆ. ಬ್ಯಾಕ್ಟೀರಿಯಾ ಒಳಗೆ ತಣ್ಣಗೆ ಕೂತಿರುತ್ತದೆ, ಏಟು ತಿನ್ನುವುದು ಪಕ್ಕದಲ್ಲಿರುವ ಹೊಟ್ಟೆಯ ಕೋಶಗಳು. ವೆಲ್ಡಿಂಗ್ ಮಾಡುವವರು ಪರದೆ ಹಿಡಿಯದೆ ಕೆಲಸ ಮಾಡಿದರೆ ಪಕ್ಕದ ಫೋಮ್ ಗೋದಾಮಿಗೆ ಕಿಡಿ ಹಾರುವ ಹಾಗೆ. ಒಂದು ದಿನ ಕಿಡಿ ಹಾರಿದರೆ ಏನೂ ಆಗದಿರಬಹುದು, ಮೂವತ್ತು ವರ್ಷ ಬಿಡದೆ ಹಾರಿದರೆ ಗೋದಾಮು ಉಳಿಯುವುದಿಲ್ಲ.

ಕಿಡಿ ತಗಲುವುದು ಡಿಎನ್‌ಎಗೆ. ಅದರ ನಾಲ್ಕು ಅಕ್ಷರಗಳಲ್ಲಿ ಗ್ವಾನಿನ್ ಎಂಬುದಕ್ಕೆ ಆಮ್ಲಜನಕದ ಏಟು ಬಿದ್ದರೆ ಅದು ತನ್ನ ಸರಿಯಾದ ಜೋಡಿಯನ್ನು ಬಿಟ್ಟು ಬೇರೆ ಅಕ್ಷರದ ಜತೆ ಕೂಡಿಕೊಳ್ಳುತ್ತದೆ. ಕೋಶ ಒಡೆದು ಎರಡಾಗುವಾಗ ಆ ತಪ್ಪು ಶಾಶ್ವತವಾಗಿ ಅಚ್ಚಾಗುತ್ತದೆ. ಉರಿಯುವ ಹೊಟ್ಟೆಯಲ್ಲಿ ಸತ್ತ ಕೋಶಗಳ ಜಾಗ ತುಂಬಲು ಹೊಸವು ಅವಸರದಲ್ಲಿ ಹುಟ್ಟುತ್ತಿರುತ್ತವೆ, ಹಾಗಾಗಿ ತಪ್ಪುಗಳೂ ಹೆಚ್ಚು ಉಳಿಯುತ್ತವೆ. ಬ್ಯಾಕ್ಟೀರಿಯಾ ಮಾತ್ರ ತನ್ನ ಡಿಎನ್‌ಎಯನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಅದರ ಡಿಎನ್‌ಎಗೆ ಗುರುತು ಹಾಕುವ, ಅದನ್ನು ದುರಸ್ತಿ ಮಾಡುವ ಕಿಣ್ವಗಳನ್ನು ವರ್ಷಗಟ್ಟಲೆ ಬಿಡಿಸಿ ನೋಡಿದವರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಜೀವರಸಾಯನ ವಿಭಾಗದ ಡಿ.ಎನ್. ರಾವ್ ಅವರ ತಂಡವೂ ಒಂದು. ಕಾಮಾಕ್ಷಿಪಾಳ್ಯದಿಂದ ಅಲ್ಲಿಗೆ ಕೆಲವೇ ಕಿಲೋಮೀಟರ್.

ಮುಂದಿನ ಹಾದಿಯನ್ನು ಕೊಲಂಬಿಯಾ ದೇಶದ ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯಾ 1975ರಲ್ಲಿ ಗುರುತಿಸಿದ. ಉರಿಯೂತ ಹಳತಾದಂತೆ ಆಮ್ಲ ಸುರಿಸುವ ಗ್ರಂಥಿಗಳು ಸೊರಗುತ್ತವೆ. ಆ ಜಾಗದಲ್ಲಿ ಕರುಳಿನ ಒಳಪದರದಂಥ ಪದರ ಬೆಳೆಯುತ್ತದೆ. ಅದು ದಾರಿ ತಪ್ಪಿದರೆ ಕ್ಯಾನ್ಸರ್. ಇದಕ್ಕೆ ದಶಕಗಳು ಹಿಡಿಯುತ್ತವೆ. ಬಾಲ್ಯದಲ್ಲಿ ಮನೆಯೊಳಗೇ ಅಂಟಿದ ಸೋಂಕು ಅರವತ್ತರ ವಯಸ್ಸಿನಲ್ಲಿ ಗೆಡ್ಡೆಯಾಗಿ ಕಾಣಿಸಿಕೊಳ್ಳಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಪ್ಪು ಬ್ಯಾಕ್ಟೀರಿಯಾದ್ದೋ, ನಮ್ಮ ಕೋಶಗಳದ್ದೋ? 2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಉತ್ತರ ಹುಡುಕಿತು. ಇಂಟರ್‌ಲ್ಯೂಕಿನ್-1 ಬೀಟಾ ಎಂಬುದು ನಮ್ಮ ಜನ್ಮಜಾತ ಕಾವಲು ಕೋಶಗಳು ಅಪಾಯದ ಗಂಟೆಯಂತೆ ಬಾರಿಸುವ ಒಂದು ಪ್ರೋಟೀನು. ಇಲಿಯ ಹೊಟ್ಟೆಯಲ್ಲಿ ಇದೊಂದೇ ಪ್ರೋಟೀನು ಸದಾ ಸುರಿಯುವಂತೆ ಮಾಡಿದರು, ಬ್ಯಾಕ್ಟೀರಿಯಾ ಹಾಕಲೇ ಇಲ್ಲ. ಗಂಟೆ ಕೇಳಿ ಮೂಳೆಮಜ್ಜೆಯಿಂದ ಎಳೆಯ, ಬಲಿಯದ ಬಿಳಿ ಕೋಶಗಳು ಹಿಂಡುಹಿಂಡಾಗಿ ಬಂದು ನೆಲೆಸಿದವು. ಕೊನೆಗೆ ಹಲವು ಇಲಿಗಳಲ್ಲಿ ಕ್ಯಾನ್ಸರ್ ಹುಟ್ಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಬಲವಾದ ಸಾಕ್ಷ್ಯ ಇದೇ. ಬೆಂಕಿ ಹಚ್ಚಿದವನು ಯಾರೇ ಇರಲಿ, ಗಂಟೆ ನಿಲ್ಲದಿದ್ದರೆ ಮನೆ ಸುಡುತ್ತದೆ. ಇದೇ ಪ್ರೋಟೀನನ್ನು ಹೆಚ್ಚು ತಯಾರಿಸುವ ವಂಶವಾಹಿ ರೂಪ ಇರುವ ಮನುಷ್ಯರಲ್ಲಿ ಪೈಲೋರಿ ಸೋಂಕಿನಿಂದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂದು 2000ದಲ್ಲೇ ಇನ್ನೊಂದು ಅಧ್ಯಯನ ಹೇಳಿತ್ತು. ಸೋಂಕು ತಗಲಿದವರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಮಾತ್ರ ಕ್ಯಾನ್ಸರ್ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರದ ಒಂದು ತುಣುಕು.

ಗೆಡ್ಡೆ ಹುಟ್ಟಿದ ಮೇಲಿನ ಕಥೆಯಲ್ಲಿ ಮುಖ್ಯ ಪಾತ್ರ ಮ್ಯಾಕ್ರೊಫೇಜ್‌ಗಳದು. ಹೆಸರಿಗೆ 'ದೊಡ್ಡ ತಿನ್ನುಬಾಕ'. ಅವು ಗುಡಿಸುತ್ತವೆ, ಕಟ್ಟುತ್ತವೆ ಕೂಡ. ಗಾಯವಾದಾಗ ಮೊದಲು ಸೂಕ್ಷ್ಮಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಆಮೇಲೆ ವರಸೆ ಬದಲಿಸಿ, ಹೊಸ ರಕ್ತನಾಳ ಬೆಳೆಯಲು ಸಂಕೇತ ಕಳಿಸುತ್ತವೆ, ಅಡ್ಡ ಇರುವ ನಾರನ್ನು ಕರಗಿಸುತ್ತವೆ, ಉಳಿದ ರಕ್ಷಕರಿಗೆ 'ಇನ್ನು ಸಾಕು, ಹಿಂದಕ್ಕೆ ಹೋಗಿ' ಎನ್ನುತ್ತವೆ. ಈ ಎರಡನೆಯ ವರಸೆ ಇಲ್ಲದಿದ್ದರೆ ಯಾವ ಗಾಯವೂ ಮಾಯುತ್ತಿರಲಿಲ್ಲ. ಕ್ಯಾನ್ಸರ್‌ಗೆ ಬೇಕಾದದ್ದೂ ಇವೇ ಮೂರು: ರಕ್ತ, ಹರಡಲು ದಾರಿ, ಕಾವಲಿನವರ ಗೈರುಹಾಜರಿ. ಗೆಡ್ಡೆಯ ಕೋಶಗಳು ರಕ್ತದಲ್ಲಿ ತಿರುಗುವ ಮಾನೊಸೈಟ್ ಎಂಬ ಬಿಳಿ ಕೋಶಗಳನ್ನು ರಾಸಾಯನಿಕ ಸಂಕೇತದಿಂದ ಕರೆಸಿಕೊಂಡು ಮ್ಯಾಕ್ರೊಫೇಜ್ ಆಗಿಸಿ, ಅವು ದುರಸ್ತಿಯ ವರಸೆಯಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತವೆ. ಗೆಡ್ಡೆ ಎಂದರೆ ಮಾಯದ ಗಾಯ ಎಂದು ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಬರೆದದ್ದು ಇದನ್ನೇ. ಮ್ಯಾಕ್ರೊಫೇಜ್ ದ್ರೋಹ ಬಗೆದಿಲ್ಲ. ಅದಕ್ಕೆ ಕಾಣುವುದು ಗಾಯ, ಅದು ಗಾಯಕ್ಕೆ ಮಾಡುವ ಸೇವೆಯನ್ನೇ ಮಾಡುತ್ತಿದೆ.

ನ್ಯೂಟ್ರೊಫಿಲ್‌ಗಳೂ ಈ ಹಂತದಲ್ಲಿ ಬೇರೊಂದು ಕೆಲಸಕ್ಕೆ ಬೀಳುತ್ತವೆ. ಅವು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಬೀಸಿ ಸೂಕ್ಷ್ಮಾಣುಗಳನ್ನು ಹಿಡಿಯುತ್ತವೆ ಎಂಬುದು 2004ರಲ್ಲಿ ಗೊತ್ತಾದ ಸಂಗತಿ. ರಕ್ತದಲ್ಲಿ ತೇಲಿ ಹೋಗುವ ಕ್ಯಾನ್ಸರ್ ಕೋಶಗಳು ಅದೇ ಬಲೆಗೆ ಸಿಕ್ಕಿ ದೂರದ ಅಂಗದಲ್ಲಿ ಬೇರುಬಿಡಲು ಜಾಗ ಪಡೆಯಬಲ್ಲವು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿಬಿಸಿಯಲ್ಲಿ ನ್ಯೂಟ್ರೊಫಿಲ್ ಸಂಖ್ಯೆಯನ್ನು ಲಿಂಫೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕೋಶಗಳ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ ದೊಡ್ಡದಿರುವ ಹೊಟ್ಟೆ ಕ್ಯಾನ್ಸರ್ ರೋಗಿಗಳು ಒಟ್ಟಾರೆ ಕಡಿಮೆ ಕಾಲ ಬದುಕುತ್ತಾರೆ ಎಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಓದುಗರು ತಮ್ಮ ವರದಿ ತೆಗೆದು ಭಾಗಾಕಾರ ಮಾಡಲು ಹೊರಡಬೇಡಿ. ಒಂದು ಜ್ವರ ಬಂದರೂ ಈ ಲೆಕ್ಕ ಏರುಪೇರಾಗುತ್ತದೆ.

ಇಷ್ಟೆಲ್ಲ ನಡೆಯುವಾಗ ಕ್ಯಾನ್ಸರನ್ನು ಹಿಡಿದು ಕೊಲ್ಲಬೇಕಾದವರು ಎಲ್ಲಿದ್ದಾರೆ? ಎನ್‌ಕೆ ಕೋಶಗಳ ಹೆಸರಿನಲ್ಲೇ ಇದೆ: ನ್ಯಾಚುರಲ್ ಕಿಲ್ಲರ್, ಅಂದರೆ ಸಹಜ ಹಂತಕಗಳು. ಆರೋಗ್ಯವಂತ ಕೋಶಗಳೆಲ್ಲ ಮೈಮೇಲೆ ಗುರುತಿನ ಚೀಟಿಯಂಥ ಅಣುವನ್ನು ತೋರಿಸುತ್ತಿರುತ್ತವೆ. ಎನ್‌ಕೆ ಕೋಶ ಚೀಟಿ ಇಲ್ಲದವನನ್ನು ಕೊಲ್ಲುತ್ತದೆ ಎಂಬ ಸುಂದರ ವಿಚಾರವನ್ನು ಸ್ವೀಡನ್‌ನ ಕ್ಲಾಸ್ ಕಾರೆ 1980ರ ದಶಕದಲ್ಲಿ ಮಂಡಿಸಿ ಸಾಧಿಸಿ ತೋರಿಸಿದ. ಹೊಟ್ಟೆಯ ಗೆಡ್ಡೆಯೊಳಗೆ ಇವು ವಿರಳ. ಇದ್ದವೂ ಮಂಕಾಗಿರುತ್ತವೆ, ಏಕೆಂದರೆ ಗೆಡ್ಡೆ ಮತ್ತು ಅದರ ಸೇವೆಗಿರುವ ಮ್ಯಾಕ್ರೊಫೇಜ್‌ಗಳು ಸುರಿಸುವ ಟಿಜಿಎಫ್-ಬೀಟಾ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಅವುಗಳ ಕೈ ಕಟ್ಟುತ್ತವೆ. ಮಾಸ್ಟ್ ಎಂಬ ಇನ್ನೊಂದು ಬಗೆಯ ಕಾವಲು ಕೋಶಗಳಿಗೂ ಒಂದು ಪಾಲಿದೆ, ಅವು ಮ್ಯಾಕ್ರೊಫೇಜ್‌ಗಳನ್ನು ಮತ್ತಷ್ಟು ಕರೆಸುತ್ತವೆ. ಹುಟ್ಟು ಕಾವಲಿನ ವರದಿಯನ್ನು ಕಲಿತ ಕಾವಲಿನವರಿಗೆ ಮುಟ್ಟಿಸಬೇಕಾದ ಡೆಂಡ್ರೈಟಿಕ್ ಕೋಶಗಳೂ ಈ ವಾತಾವರಣದಲ್ಲಿ ಬಲಿಯದೆ ಉಳಿಯುತ್ತವೆ.

ಇದೆಲ್ಲ ದೂರದ ಪ್ರಯೋಗಾಲಯದ ಮಾತು ಅನಿಸಬಾರದು. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಶುರುವಾಯಿತು. ಅಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಕ್ರಮದಡಿ ಮೊದಲು ಆರಂಭವಾದ ನೋಂದಣಿಗಳಲ್ಲಿ ಅದೂ ಒಂದು. ನಗರದ ಆಸ್ಪತ್ರೆಗಳಲ್ಲಿ, ಲ್ಯಾಬುಗಳಲ್ಲಿ, ಮರಣ ದಾಖಲೆಗಳಲ್ಲಿ ಹುಡುಕಿ ಒಬ್ಬೊಬ್ಬ ರೋಗಿಯನ್ನೂ ಲೆಕ್ಕಕ್ಕೆ ತರುವ ಈ ಸದ್ದಿಲ್ಲದ ಕೆಲಸಕ್ಕೆ ನಾವು ಋಣಿಗಳಾಗಿರಬೇಕು. ಅದರಿಂದಲೇ ಗೊತ್ತಾಗಿದೆ, ಬೆಂಗಳೂರಿನ ಗಂಡಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಹೊಟ್ಟೆಯದು ದಶಕಗಳಿಂದ ಮೊದಲ ಸಾಲಿನಲ್ಲೇ ಇದೆ ಎಂದು. ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಹೊಸ ರೋಗಿಗಳು ಎಂಬ ಅಂದಾಜಿದೆ. ಮಿಜೋರಾಂನಲ್ಲಿ ಪ್ರಮಾಣ ಎಲ್ಲಕ್ಕಿಂತ ಹೆಚ್ಚು. ಪೈಲೋರಿ ಸೋಂಕು ಇಡೀ ಭಾರತದಲ್ಲಿ ವ್ಯಾಪಕ, ಆದರೂ ಒಟ್ಟಾರೆ ಹೊಟ್ಟೆ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ಬಹಳ ಕಡಿಮೆ. ಬ್ಯಾಕ್ಟೀರಿಯಾದ ತಳಿ, ನಮ್ಮ ವಂಶವಾಹಿ, ಉಪ್ಪು, ತಂಬಾಕು ಎಲ್ಲವೂ ಸೇರಿ ಉರಿ ಎಷ್ಟು ಜೋರು ಎಂಬುದನ್ನು ತೀರ್ಮಾನಿಸುತ್ತವೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ಹೊಗೆಯಿಂದಲೇ ಹೊಟ್ಟೆ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರ ಬೇಕು. ಬೀಡಿ ಸಿಗರೇಟಿನ ಬಗ್ಗೆ ಮಾತ್ರ ಆಧಾರ ಗಟ್ಟಿಯಾಗಿದೆ.

ಕೋಶಗಳನ್ನು ಮತ್ತೆ ನಮ್ಮ ಕಡೆಗೆ ತಿರುಗಿಸುವ ಔಷಧಿಗಳು ಬರುತ್ತಿವೆ. ಕಲಿತ ಕಾವಲಿನ ಕೋಶಗಳ ಬ್ರೇಕು ಬಿಡಿಸುವ ನಿವೊಲುಮಾಬ್ 2021ರಿಂದ ಮುಂದುವರಿದ ಹೊಟ್ಟೆ ಕ್ಯಾನ್ಸರ್‌ಗೆ ಕೀಮೊಥೆರಪಿಯ ಜತೆಗೆ ಬಳಕೆಯಲ್ಲಿದೆ. ಕೆಲವರಿಗೆ ಗಣನೀಯ ಲಾಭ, ಹಲವರಿಗೆ ಇಲ್ಲ. ಲಾಭವಾಗದಿರಲು ಒಂದು ಕಾರಣ ಗೆಡ್ಡೆಯೊಳಗಿನ ಮ್ಯಾಕ್ರೊಫೇಜ್‌ಗಳೇ ಎಂಬ ಅನುಮಾನ ಬಲವಾಗಿದೆ. ಕ್ಯಾನ್ಸರ್ ಕೋಶಗಳು ಮ್ಯಾಕ್ರೊಫೇಜ್‌ಗೆ 'ನನ್ನನ್ನು ತಿನ್ನಬೇಡ' ಎಂದು ತೋರಿಸುವ ಸಿಡಿ47 ಎಂಬ ಫಲಕವನ್ನು ಮರೆಮಾಡುವ ಔಷಧಿಯ ಮೇಲೆ ದೊಡ್ಡ ಆಸೆಯಿತ್ತು. ರಕ್ತದ ಕ್ಯಾನ್ಸರ್‌ಗಳಲ್ಲಿ ಅದರ ದೊಡ್ಡ ಪ್ರಯೋಗಗಳು 2023, 2024ರಲ್ಲಿ ನಿಂತುಹೋದವು. ಹೊಟ್ಟೆಯ ಗೆಡ್ಡೆಯ ಮ್ಯಾಕ್ರೊಫೇಜ್‌ಗಳನ್ನು ಬದಲಿಸುವ ಔಷಧಿ ಇನ್ನೂ ನಮ್ಮ ಆಸ್ಪತ್ರೆಗಳ ಬಾಗಿಲಿಗೆ ಬಂದಿಲ್ಲ.

ಬಂದಿರುವುದು ಇನ್ನೊಂದಿದೆ, ಅದು ಹಳೆಯದು, ಅಗ್ಗದ್ದು. ಚೂರನ್ನು ತೆಗೆದುಬಿಡುವುದು. ಎರಡು ವಾರ ಸರಿಯಾದ ಆಂಟಿಬಯಾಟಿಕ್‌ಗಳನ್ನು ಆಮ್ಲ ತಗ್ಗಿಸುವ ಮಾತ್ರೆಯ ಜತೆ ಕೊಟ್ಟರೆ ಬಹುತೇಕರಲ್ಲಿ ಪೈಲೋರಿ ಹೋಗುತ್ತದೆ. ನ್ಯೂಟ್ರೊಫಿಲ್‌ಗಳು ಬೇಗನೆ ಜಾಗ ಖಾಲಿ ಮಾಡುತ್ತವೆ, ಉಳಿದ ಕೋಶಗಳು ನಿಧಾನವಾಗಿ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಊರಿಗೆ ಊರನ್ನೇ ಪರೀಕ್ಷಿಸಿ ಚಿಕಿತ್ಸೆ ಕೊಟ್ಟರು, ಹೊಟ್ಟೆ ಕ್ಯಾನ್ಸರ್ ಅರ್ಧಕ್ಕಿಂತ ಕೆಳಗಿಳಿಯಿತು. ಹೊಟ್ಟೆ ಕ್ಯಾನ್ಸರ್ ಬಂದವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಈ ಚಿಕಿತ್ಸೆ ಕೊಟ್ಟಾಗ ಅಪಾಯ ಶೇ 55ರಷ್ಟು ತಗ್ಗಿದ್ದನ್ನು ದಕ್ಷಿಣ ಕೊರಿಯಾದ ಅಧ್ಯಯನ 2020ರಲ್ಲಿ ತೋರಿಸಿತು. ಗ್ರಂಥಿಗಳು ಸೊರಗಿ ಕರುಳಿನ ಪದರ ಬೆಳೆದ ಮೇಲೆ ಲಾಭ ಕಡಿಮೆ. ಆದ್ದರಿಂದ ಹೊತ್ತು ಮುಖ್ಯ.

ಟೀ ಅಂಗಡಿ ಮುಂದಿನ ಅಣ್ಣನಿಗೆ ನಾನು ಹೇಳಬೇಕೆಂದಿರುವುದು ಇದು. ಆಮ್ಲ ತಗ್ಗಿಸುವ ಮಾತ್ರೆ ನೋವನ್ನು ಮರೆಸುತ್ತದೆ, ಉರಿಯ ಬುಡದಲ್ಲಿರುವ ಬ್ಯಾಕ್ಟೀರಿಯಾವನ್ನು ತಾನೊಂದೇ ಓಡಿಸುವುದಿಲ್ಲ. ಅದನ್ನು ನುಂಗುತ್ತಲೇ ಹೋಗಿ ಪರೀಕ್ಷೆ ಮಾಡಿಸಿದರೆ ಸೋಂಕು ಇದ್ದರೂ ಇಲ್ಲವೆಂದು ಬರಬಹುದು. ಅದಕ್ಕೇ ವೈದ್ಯರು ಪರೀಕ್ಷೆಗೆ ಎರಡು ವಾರ ಮುಂಚೆ ಅದನ್ನು ನಿಲ್ಲಿಸಲು ಹೇಳುತ್ತಾರೆ. ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ಅರ್ಧಂಬರ್ಧ ನುಂಗಬೇಡಿ, ನಮ್ಮ ದೇಶದ ಪೈಲೋರಿ ಈಗಾಗಲೇ ಹಲವು ಔಷಧಿಗಳಿಗೆ ಬಗ್ಗುತ್ತಿಲ್ಲ. ವಾರಗಟ್ಟಲೆ ಹೊಟ್ಟೆಯುರಿ ಇದ್ದು ಮೈ ಇಳಿಯುತ್ತಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ನುಂಗುವುದು ಕಷ್ಟವಾದರೆ, ಕಾರಣ ತಿಳಿಯದೆ ರಕ್ತ ಕಡಿಮೆಯಾದರೆ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕ್ಯಾನ್ಸರ್ ಬಂದಿದ್ದರೆ, ಇನ್ನೊಂದು ಸ್ಟ್ರಿಪ್ ಕೊಳ್ಳುವ ಬದಲು ವೈದ್ಯರ ಬಳಿ ಎಂಡೋಸ್ಕೋಪಿ ಬಗ್ಗೆ ಕೇಳಿ. ಇಎಸ್‌ಐ ಕಾರ್ಡ್ ಇರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲೇ ಇದೆ. ಅರ್ಧ ದಿನದ ಕೂಲಿ ಹೋದರೂ ಹೋಗಿ ಬನ್ನಿ.